ಪಾದ್ರಿ ಕಿಟೆಲ್ಲರ ಗುರಿ

ಹಲಸಂಗಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಹಲಸಂಗಿ ಗೆಳೆಯರ ಬಳಗ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಹಾಡುಗಳನ್ನು ಬರೆದುಕೊಂಡು, 1931ರಲ್ಲಿ 'ಗರತಿಯ ಹಾಡು' ಹೊರತಂದ ಸಂಗತಿಯನ್ನು ನನ್ನ ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅವರು ಕೂಡಿಸಿದ್ದು ತಮ್ಮ ತಾಯ್ನುಡಿಯ ಸಂಪತ್ತನ್ನು. ಅವರಿಗಿಂತ ಬಹು ಮುಂಚೆ, ಈ ನುಡಿಯೊಡನೆ ಹುಟ್ಟಿನ ನಂಟೇ ಇಲ್ಲದ ಒಬ್ಬ ಪಾದ್ರಿ ಇದರ ಶಬ್ದಗಳನ್ನು ಒಂದೊಂದಾಗಿ ಕೂಡಿಸಿದರು. ಅವರೇ ಫರ್ಡಿನೆಂಡ್ ಕಿಟೆಲ್.

ಕಿಟೆಲ್ಲರು 1832ರ ಏಪ್ರಿಲ್ 7ರಂದು ಉತ್ತರ ಜರ್ಮನಿಯ ಒಂದು ಹಳ್ಳಿಯಲ್ಲಿ ಜನಿಸಿದರು. ತಂದೆಯೂ ಪಾದ್ರಿಗಳೇ. ಕಾಕತಾಳೀಯವೆಂಬಂತೆ, ವಿಲಿಯಂ ರೀವ್ ಎಂಬ ಮತ್ತೊಬ್ಬ ಪಾದ್ರಿ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ಕೋಶ ಮದ್ರಾಸಿನಲ್ಲಿ ಅಚ್ಚಾದದ್ದೂ ಅದೇ ವರ್ಷ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು, ಇಪ್ಪತ್ತೊಂದರ ಹರೆಯದಲ್ಲಿ, 1853ರಲ್ಲಿ ಭಾರತಕ್ಕೆ ಬಂದರು. ಆ ಮಿಷನ್ನು ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಲ್ಲಿ ಆಗಲೇ ನೆಲೆಯೂರಿತ್ತು. ಅಖಂಡ ವಿಜಾಪುರ ಜಿಲ್ಲೆಗೆ ಸೇರಿದ್ದ ಗುಳೇದಗುಡ್ಡದಲ್ಲಿಯೂ ಅದರ ಕೇಂದ್ರವಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ತರಗತಿಯಲ್ಲಿ ಚುರುಕಾದ ಹುಡುಗರು ಕೇಳಬಹುದಾದ ಪ್ರಶ್ನೆಯೇ. ಅವರನ್ನು ಕಳುಹಿಸಿದ್ದು ಧರ್ಮಪ್ರಚಾರಕ್ಕೆ. ಅವರು ಮಾಡಿದ್ದು ನಿಘಂಟು. ಹಾಗಾದರೆ ಗುರಿ ತಪ್ಪಿದಂತಾಗಲಿಲ್ಲವೇ?

ಅವರ ಮೇಲಧಿಕಾರಿಗಳಲ್ಲಿ ಕೆಲವರಿಗೆ ಹಾಗೆಯೇ ಅನಿಸಿತ್ತು. ಯಾರ ನಡುವೆ ಕೆಲಸವೋ ಅವರಂತೆಯೇ ಆಗಬೇಕೆಂಬ ಸಂತ ಪೌಲನ ವಿಚಾರವನ್ನು ಕಿಟೆಲ್ಲರು ಅಕ್ಷರಶಃ ಸ್ವೀಕರಿಸಿದ್ದರು. ಕನ್ನಡಿಗರಿಗೆ ಕನ್ನಡಿಗನಾಗಬೇಕು, ಅವರ ಮಾತು, ಸಂಗೀತ, ಕಾವ್ಯ, ನಡೆನುಡಿಗಳನ್ನು ಒಳಹೊಕ್ಕು ಅರಿಯಬೇಕು ಎಂಬುದು ಅವರ ನಿಲುವು. ಮಿಷನ್ನಿನ ಶಿಸ್ತಿಗೆ ಇದು ಸುಲಭವಾಗಿ ಒಗ್ಗಲಿಲ್ಲ, ಮನಸ್ತಾಪಗಳಾದವು. ಅವರಿಗಿಂತ ಹಿರಿಯರಾದ ಹರ್ಮನ್ ಮೋಗ್ಲಿಂಗ್, 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆಯನ್ನು ಆರಂಭಿಸಿದವರು, ಈ ದಾರಿಯಲ್ಲಿ ಮೊದಲೇ ಸ್ವಲ್ಪ ದೂರ ನಡೆದಿದ್ದರು. ಕಿಟೆಲ್ಲರು ಇನ್ನೂ ಮುಂದೆ ಹೋದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ಕನ್ನಡ ಪದ್ಯವಾಗಿ ರಚಿಸಿದರು. ತನ್ನ ದೇವರ ಕಥೆಯನ್ನು ಹೇಳಹೊರಟವನು ಕೇಳುವವನ ಛಂದಸ್ಸನ್ನು ಕಲಿತನಲ್ಲ, ಅದರಲ್ಲಿ ನನಗೆ ವಿನಯ ಕಾಣುತ್ತದೆ. ನಂಬಿಕೆಯನ್ನು ಅವರು ಎಂದೂ ಬಿಡಲಿಲ್ಲ. ಆ ನಂಬಿಕೆಯೇ ಅವರನ್ನು ಕನ್ನಡದ ಆಳಕ್ಕೆ ಇಳಿಸಿತೆಂದು ನಾನು ತಿಳಿಯುತ್ತೇನೆ.

ಛಂದಸ್ಸಿನಿಂದ ವ್ಯಾಕರಣಕ್ಕೆ, ವ್ಯಾಕರಣದಿಂದ ಶಬ್ದಕ್ಕೆ ದಾರಿ ಸಾಗಿತು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಅವರ ಸಂಪಾದನೆಯಲ್ಲಿ ಹೊರಬಂದವು. ಕೋಶದ ಕೆಲಸವಂತೂ ಎರಡು ದಶಕಗಳಷ್ಟು ಕಾಲ ಅವರನ್ನು ಹಿಡಿದಿಟ್ಟಿತು. ನಡುವೆ ಮೊದಲ ಪತ್ನಿ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ಆಕೆಯ ಸಹೋದರಿಯನ್ನೇ ವಿವಾಹವಾದರು. ಸ್ವದೇಶಕ್ಕೆ ಮರಳಿದ್ದರೂ ಅಲ್ಲಿಂದಲೇ ಕೋಶ ಮುಗಿಯುವಂತಿರಲಿಲ್ಲ, ಇಲ್ಲಿಯ ಪಂಡಿತರ ನೆರವು ಬೇಕಿತ್ತು. ಐವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಹಡಗು ಹತ್ತಿದರು. ಆ ವಯಸ್ಸಿನಲ್ಲಿ ನಮ್ಮಲ್ಲಿ ಎಷ್ಟೋ ಜನ ನಿವೃತ್ತಿವೇತನದ ಲೆಕ್ಕ ಹಾಕುತ್ತಿರುತ್ತೇವೆ!

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕೋಶ ಹೊರಬಂದಿತು. 1,700ಕ್ಕೂ ಹೆಚ್ಚು ಪುಟಗಳು, ಸುಮಾರು 70,000 ಶಬ್ದಗಳು. ಶಬ್ದದ ಮುಂದೆ ಬರಿಯ ಅರ್ಥವನ್ನು ಬರೆದು ಮುಂದಕ್ಕೆ ಹೋಗುವ ಕೋಶವಲ್ಲ ಅದು. ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿರುವ ಸಂಬಂಧಿ ರೂಪಗಳನ್ನು ಕೊಡುತ್ತದೆ. ತದ್ಭವವಾದರೆ ಮೂಲವನ್ನು ತೋರಿಸುತ್ತದೆ. ಪ್ರಯೋಗ ಎಲ್ಲಿದೆ ಎಂಬುದಕ್ಕೆ ಕಾವ್ಯದ ಆಧಾರವನ್ನು ಇಡುತ್ತದೆ. ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ, ಇವೆಲ್ಲ ಅಲ್ಲಿ ಸಾಕ್ಷಿಗಳಾಗಿ ನಿಂತಿವೆ. ನಮ್ಮ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಥೆಯನ್ನು ಹೇಳುವ ಕಾವ್ಯದಿಂದ ಒಬ್ಬ ಕ್ರೈಸ್ತ ಪಾದ್ರಿ ಶಬ್ದಗಳನ್ನು ಹೆಕ್ಕುತ್ತ ಕುಳಿತ ಚಿತ್ರ ಕಣ್ಣಮುಂದೆ ಬಂದಾಗ ನನಗೆ ಬೆರಗಾಗುತ್ತದೆ. ಗಾದೆಗಳಿಗಂತೂ ಲೆಕ್ಕವಿಲ್ಲ. ಅವು ಪಂಡಿತರ ಓಲೆಗರಿಗಳಿಂದ ಬಂದವಲ್ಲ, ಜನರ ಬಾಯಿಂದ ಬಂದವು. ಈ ದೃಷ್ಟಿಯಿಂದ ಕಿಟೆಲ್ಲರನ್ನು ಹಲಸಂಗಿ ಗೆಳೆಯರ ಹಿರಿಯಣ್ಣನೆಂದು ಕರೆದರೆ ತಪ್ಪಾಗಲಾರದು.

ಈ ಶ್ರಮದ ಅಳತೆ ತಿಳಿಯಬೇಕಾದರೆ ಇನ್ನೊಂದು ಕೋಶವನ್ನು ನೋಡಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿಗೆ ಒಂದು ಸಂಸ್ಥೆಯ ಬಲವಿತ್ತು, ವಿದ್ವಾಂಸರ ತಂಡವಿತ್ತು. ಅದರ ಮೊದಲ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ ಪ್ರಕಟವಾಯಿತು. ಪರಿಷತ್ತಿನ ಕಾರ್ಯ ಹೆಚ್ಚು ವಿಸ್ತಾರವಾದದ್ದು, ನಿಜ. ಆದರೂ ಕಿಟೆಲ್ಲರ ಕೋಶ ಮೂಲೆಗೆ ಸೇರಲಿಲ್ಲ. ಮದ್ರಾಸು ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ಅದನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಮತ್ತೆ ಪ್ರಕಟಿಸಿತು.

ಕೋಶವು ಅಚ್ಚಾಗಿ ಹೊರಬಂದಾಗ ಕಿಟೆಲ್ಲರು ಇಲ್ಲಿರಲಿಲ್ಲ. ಎರಡು ವರ್ಷ ಮೊದಲೇ ಜರ್ಮನಿಗೆ ಮರಳಿದ್ದರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಆ ಬಳಿಕವೂ ಅವರು ಸುಮ್ಮನೆ ಕೂರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮಧುರಚೆನ್ನರು ಹುಟ್ಟಿದ್ದು ಅದೇ ವರ್ಷ; ಡಿಸೆಂಬರಿನಲ್ಲಿ ಕಿಟೆಲ್ಲರು ಟ್ಯೂಬಿಂಗೆನ್ನಿನಲ್ಲಿ ಕಣ್ಣುಮುಚ್ಚಿದರು.