ಬೆಂದಕಾಳಿಗಿಂತ ಹಳೆಯ ಬೆಂಗಳೂರು - ಮಕ್ಕಳ ಜೊತೆ ಒಂದು ದಿನದ ಸುತ್ತಾಟ

ಎಚ್‌ಎಸ್‌ಆರ್ ಲೇಔಟ್, ಬೊಮ್ಮನಹಳ್ಳಿ, ಕೋರಮಂಗಲದ ಕಡೆ ಮನೆ ಮಾಡಿರುವ ನಮ್ಮಂಥವರಿಗೆ ಶನಿವಾರ ಬಂತೆಂದರೆ ಒಂದೇ ಪ್ರಶ್ನೆ. ಮಕ್ಕಳನ್ನು ಎಲ್ಲಿಗೆ ಕರಕೊಂಡು ಹೋಗೋದು? ಮಾಲ್ ಆಯ್ತು, ಸಿನೆಮಾ ಆಯ್ತು, ಬನ್ನೇರುಘಟ್ಟದ ಹುಲಿ ಸಿಂಹಗಳೂ ಆದವು. ಮೈಸೂರಿಗೋ ನಂದಿಬೆಟ್ಟಕ್ಕೋ ಹೋಗೋಣವೆಂದರೆ ಸಿಲ್ಕ್ ಬೋರ್ಡ್ ದಾಟುವುದರೊಳಗೆ ಅರ್ಧ ಉತ್ಸಾಹ ಇಳಿದುಹೋಗುತ್ತದೆ. "ಈ ಏರಿಯಾದಲ್ಲಿ ನೋಡೋಕೆ ಏನಿದೆ ಬಿಡಿ, ಬರೀ ಅಪಾರ್ಟ್‌ಮೆಂಟು" ಅಂತ ಹೇಳುವವರೇ ಹೆಚ್ಚು.

ಆದರೆ ಬೆಂಗಳೂರು ಎಂಬ ಹೆಸರು ಕಾಣಿಸುವ ಅತ್ಯಂತ ಹಳೆಯ ಬರಹ ಇರುವುದು ಇದೇ ಏರಿಯಾದಲ್ಲಿ. ಮೆಜೆಸ್ಟಿಕ್‌ನಲ್ಲಲ್ಲ, ಚಿಕ್ಕಪೇಟೆಯಲ್ಲಲ್ಲ, ಲಾಲ್‌ಬಾಗ್‌ನಲ್ಲೂ ಅಲ್ಲ. ಹೊಸೂರು ರಸ್ತೆಯಿಂದ ಬೊಮ್ಮನಹಳ್ಳಿಯ ಹತ್ತಿರ ಬಲಕ್ಕೆ ತಿರುಗಿದರೆ ಸಿಗುವ ಬೇಗೂರಿನಲ್ಲಿ. ನಮ್ಮ ಮನೆಯಿಂದ ಹತ್ತು ಕಿಲೋಮೀಟರಿಗೂ ಕಡಿಮೆ. ಈ ಸಲ ಅದನ್ನೇ ನೆಪ ಮಾಡಿಕೊಂಡು ನಮ್ಮ ಸುತ್ತಮುತ್ತಲ ನಾಲ್ಕು ಜಾಗಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದೇ ದಿನದಲ್ಲಿ ಆರಾಮವಾಗಿ ನೋಡಿ ಬರಬಹುದು. ಮೊಸರನ್ನ ಕಟ್ಟಿಕೊಂಡು ಹೊರಟರೆ ಖರ್ಚೂ ಹೆಚ್ಚಿಲ್ಲ :)

ಮೊದಲು ಆ ಬೆಂದಕಾಳಿನ ಕಥೆ

ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಅಂತ ಯಾವ ಮಗುವನ್ನು ಕೇಳಿದರೂ ಒಂದೇ ಉತ್ತರ. ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು, ಆಮೇಲೆ ಬೆಂಗಳೂರಾಯಿತು. ಚೆಂದದ ಕಥೆ. ಹಸಿದವನಿಗೆ ಇದ್ದದ್ದನ್ನು ಕೊಟ್ಟ ಅಜ್ಜಿಯನ್ನು ನೆನೆಸಿಕೊಳ್ಳುವ ಊರು ಅಂದರೆ ಹೆಮ್ಮೆಯೇ. ಮಕ್ಕಳಿಗೆ ಈ ಕಥೆ ಹೇಳಬೇಡಿ ಅಂತ ನಾನಂತೂ ಹೇಳುವುದಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಕಥೆಯಲ್ಲಿ ಬರುವ ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ಕಲ್ಲಿನ ಕಾಲ ಸುಮಾರು 890. ಬಲ್ಲಾಳನಿಗೆ ಹಸಿವಾಗುವುದಕ್ಕೆ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು! ಕೆಂಪೇಗೌಡರು ಕೋಟೆ ಪೇಟೆ ಕಟ್ಟಿದ 1537ರಿಂದ ಎಣಿಸಿದರಂತೂ ಆರೂವರೆ ಶತಮಾನ ಹಿಂದೆ. ಕೆಂಪೇಗೌಡರು ಕಟ್ಟಿದ್ದು ನಗರವನ್ನು. ಹೆಸರು ಅದಕ್ಕಿಂತ ಬಹಳ ಹಳೆಯದು.

ಬೇಗೂರು - ಒಂದು ಹೆಸರು, ಒಂದು ಸಾವು

ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಪಂಚಲಿಂಗೇಶ್ವರ ಅಂತಲೂ ಹೆಸರು. ಒಂದೇ ಆವರಣದಲ್ಲಿ ಐದು ಗುಡಿಗಳು. ಹಳೆಯವು ತಲಕಾಡಿನ ಗಂಗರ ಕಾಲದವು, ಉಳಿದವು ಚೋಳರ ಕಾಲದವು. ಹೊರಗಿನ ಹೊಸ ಗೋಪುರಗಳನ್ನು ನೋಡಿ ಇದೇನು ಹೊಸ ದೇವಸ್ಥಾನ ಅಂದುಕೊಂಡು ವಾಪಸ್ ಬರಬೇಡಿ. ನಾಗೇಶ್ವರನ ಗುಡಿಯೊಳಗೆ ಹೋಗಿ ಕತ್ತೆತ್ತಿ ಮೇಲೆ ನೋಡಿ. ನಡುವೆ ಉಮಾಮಹೇಶ್ವರ, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು. ಯಾವ ದಿಕ್ಕಿಗೆ ಯಾರು, ಯಾರ ವಾಹನ ಯಾವುದು ಅಂತ ಗುರುತಿಸುವ ಆಟ ಕೊಟ್ಟರೆ ಮಕ್ಕಳಿಗೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಆ ಕಲ್ಲು ಇರುವುದು ಇದೇ ಆವರಣದಲ್ಲಿ. ಅದನ್ನು ಗುರುತಿಸಿ ಲೋಕಕ್ಕೆ ತಿಳಿಸಿದವರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಹಳಗನ್ನಡದ ನಾಲ್ಕಾರು ಸಾಲುಗಳ ಬರಹ. ಹೇಳುವುದಿಷ್ಟೇ: ಬೆಂಗುಳೂರಿನ ಕಾಳಗದಲ್ಲಿ ನಾಗತ್ತರನ ಮನೆಯ ಆಳೊಬ್ಬ ಸತ್ತ.

ನನಗೆ ಈ ಕಲ್ಲಿನಲ್ಲಿ ಬಹಳ ಹಿಡಿಸುವುದು ಇದೇ. ಒಂದು ಮಹಾನಗರದ ಹೆಸರು ಮೊದಲ ಸಲ ಕಾಣಿಸಿಕೊಳ್ಳುವುದು ಯಾವುದೋ ಚಕ್ರವರ್ತಿಯ ಬಿರುದಾವಳಿಯಲ್ಲಲ್ಲ, ಸಾಮಾನ್ಯ ಆಳೊಬ್ಬನ ಸಾವಿನ ಸುದ್ದಿಯಲ್ಲಿ. ಅವನಿಗಾಗಿ ಯಾರೋ ಅತ್ತಿದ್ದಾರೆ, ಕಲ್ಲು ಕಡೆಸಿದ್ದಾರೆ, ಅಕ್ಷರ ಕೊರೆಸಿದ್ದಾರೆ. ಅದರಿಂದಾಗಿ ನಮ್ಮ ಊರಿನ ಹೆಸರೂ ಉಳಿಯಿತು.

ಹಾಗಾದರೆ ಈ ನಾಗತ್ತರ ಯಾರು? ಗಂಗರ ಕೈಕೆಳಗೆ ಈ ಸೀಮೆಯನ್ನು ನೋಡಿಕೊಳ್ಳುತ್ತಿದ್ದ ನಾಯಕ. ಆಗ ಬೇಗೂರಿನ ಹೆಸರು ಬೆಂಪೂರು. ಬೆಂಪೂರು ಹನ್ನೆರಡು ಅಂದರೆ ಬೇಗೂರು ಮುಖ್ಯವಾಗಿದ್ದ ಹನ್ನೆರಡು ಹಳ್ಳಿಗಳ ಒಂದು ಕೂಟ. ಇವನ ಮಗಳು ತೊಂಡಬ್ಬೆ ಸಲ್ಲೇಖನ ವ್ರತ ಹಿಡಿದು ತೀರಿಕೊಂಡಳೆಂದು ಬೇಗೂರಿನದೇ ಇನ್ನೊಂದು ಬರಹ ಹೇಳುತ್ತದೆ. ಅಂದರೆ ಶಿವನ ಗುಡಿಗಳ ಜೊತೆಗೇ ಜೈನರ ನೆಲೆಯೂ ಇಲ್ಲಿತ್ತು. ಹತ್ತಿರದಲ್ಲೇ ಬೇಗೂರಿನ ಹಳೆಯ ಕೋಟೆ ಇದೆ. ಚಿಕ್ಕದು, ದುಂಡಗಿದೆ. ಆಮೇಲೆ ಕೆರೆಯ ಏರಿ ಮೇಲೆ ಕೂತು ಬುತ್ತಿ ಬಿಚ್ಚಬಹುದು.

ಕಸ್ತೂರಬಾ ರಸ್ತೆಯಲ್ಲಿ ನಾಗತ್ತರ

ನಾಗತ್ತರನಿಗೆ ಏನಾಯಿತು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಉತ್ತರ ಬೇಗೂರಿನಲ್ಲಿಲ್ಲ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಗೂರಿನ ಪ್ರಸಿದ್ಧ ವೀರಗಲ್ಲನ್ನು ಅಲ್ಲಿಗೆ ಸಾಗಿಸಿದ್ದಾರೆ. 1865ರಲ್ಲಿ ಶುರುವಾದ ಈ ಮ್ಯೂಸಿಯಂನ ಕೆಂಪು ಕಟ್ಟಡವನ್ನು ಬಸ್ಸಿನಿಂದ ನೋಡದ ಬೆಂಗಳೂರಿನವರಿಲ್ಲ, ಒಳಗೆ ಹೋದವರು ಕಡಿಮೆ. (ಹೊರಡುವ ಮುಂಚೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ.)

ಗಂಗ ದೊರೆ ಎರೆಯಪ್ಪ, ವೀರಮಹೇಂದ್ರನ ವಿರುದ್ಧ ಅಯ್ಯಪದೇವನಿಗೆ ನೆರವಾಗಲು ನಾಗತ್ತರನನ್ನು ಪಡೆಯೊಂದಿಗೆ ಕಳಿಸಿದ. ತುಂಬೆಪಾಡಿಯಲ್ಲಿ ಯುದ್ಧವಾಯಿತು. ನಾಗತ್ತರ ಆನೆಗಳಿಗೆ ಎದುರಾಗಿ ಹೋರಾಡಿ ಸತ್ತ. ಆಮೇಲೆ ಎರೆಯಪ್ಪ ಇರುಗ ಎಂಬುವನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟ. ಆ ಹಳ್ಳಿಗಳ ಹೆಸರುಗಳೂ ಕಲ್ಲಿನಲ್ಲಿವೆ. ಬರಹದ ಜೊತೆಗೆ ಇಡೀ ಯುದ್ಧವೇ ಕೆತ್ತನೆಯಲ್ಲಿದೆ. ಆನೆ, ಕುದುರೆ, ಕಾಲಾಳು, ಕತ್ತಿ ಗುರಾಣಿ, ಕೆಳಗೆ ಬಿದ್ದವರು... ಆಗಿನ ಕಾಲದ ಯುದ್ಧದ ಫೋಟೋ ಅಂದರೂ ತಪ್ಪಿಲ್ಲ.

ಅಲ್ಲೇ ಇನ್ನೊಂದು ಕಲ್ಲಿದೆ, ಅದನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ಮದ್ದೂರಿನ ಹತ್ತಿರದ ಆತಕೂರಿನದು, ಸುಮಾರು 949ನೇ ಇಸವಿಯದು. ತಕ್ಕೋಲದ ಯುದ್ಧದಲ್ಲಿ ಮಣಲೇರ ಎಂಬ ವೀರ ಹೋರಾಡಿದ್ದನ್ನು ಮೆಚ್ಚಿ ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣ "ಏನು ಬೇಕು ಕೇಳು" ಅಂದನಂತೆ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ! ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಇದು. ನಾಯಿ ಹಂದಿ ಕಾದಾಡುವ ಕೆತ್ತನೆಯ ಮುಂದೆ ನನ್ನ ಮಗಳು ಅಲ್ಲಾಡದೆ ನಿಂತಿದ್ದಳು. ಯುದ್ಧ, ರಾಜರು, ಇಸವಿ ಎಲ್ಲ ಮರೆತಿದ್ದಾಳೆ. ಕಾಳಿಯ ಹೆಸರು ಮರೆತಿಲ್ಲ.

ಅಗರ - ಕೆರೆ ಕಟ್ಟಿದವನ ಹೆಸರು

ವೀರರ ಕಥೆ ಸಾಕು ಅನ್ನುವವರಿಗೆ ಅಗರ. ದಿನಾ ಬೆಳಿಗ್ಗೆ ನೂರಾರು ಜನ ಆ ಕೆರೆಯ ಸುತ್ತ ವಾಕಿಂಗ್ ಮಾಡುತ್ತಾರೆ. ಅಗರದಲ್ಲಿ ಸಿಕ್ಕಿರುವ ಶಾಸನ ಸುಮಾರು 870ರದು, ಇದೂ ಗಂಗರ ಕಾಲದ್ದೇ. ಇರ್ವ್ವುಲಿಯೂರಿನ ಒಡೆಯ ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿದ, ಮೂಡಣ ದಿಕ್ಕಿನಲ್ಲಿ ಇನ್ನೊಂದು ಕೆರೆ ಕಟ್ಟಿಸಿದ, ಅದಕ್ಕಾಗಿ ಬಿಟ್ಟುವಟ್ಟ ಪಡೆದ ಅನ್ನುತ್ತದೆ.

ಬಿಟ್ಟುವಟ್ಟ ಎಂದರೆ ಕೆರೆ ಕಟ್ಟಿಸಿದವರಿಗೆ, ಕೆರೆಯನ್ನು ನೋಡಿಕೊಳ್ಳುವವರಿಗೆ ಆ ಕೆರೆಯ ನೀರುಣ್ಣುವ ಗದ್ದೆಯಲ್ಲೇ ಒಂದು ಪಾಲು ಬಿಟ್ಟುಕೊಡುವ ಏರ್ಪಾಡು. ಎಷ್ಟು ಸರಳವಾದ ಬುದ್ಧಿವಂತಿಕೆ ನೋಡಿ. ಕೆರೆ ತುಂಬಿದರೆ ಅವನ ಗದ್ದೆಗೂ ನೀರು. ಕೆರೆ ಹೂಳು ತುಂಬಿದರೆ, ಏರಿ ಒಡೆದರೆ ಅವನ ಅನ್ನಕ್ಕೂ ಕಲ್ಲು. ನಮ್ಮ ಕಡೆ ಮಡಿವಾಳ ಕೆರೆ ತುಂಬಿದರೆ ನೀರು ಅಗರಕ್ಕೆ, ಅಲ್ಲಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ ಹೋಗುತ್ತದೆ. ಬೆಳ್ಳಂದೂರು ಕೆರೆಯ ನೊರೆಯನ್ನು ಟಿವಿಯಲ್ಲಿ ನೋಡಿ ಬೆಳೆದ ಮಕ್ಕಳಿಗೆ, ಇದೇ ನೀರಿಗೆ ಸಾವಿರದ ನೂರೈವತ್ತು ವರ್ಷದ ಹಿಂದೆ ತೂಬು ಇಡಿಸಿದವನೊಬ್ಬ ಇದ್ದ ಎಂದು ಹೇಳುವುದು ಚಿಕ್ಕ ವಿಷಯವಲ್ಲ.

ಮಡಿವಾಳ - ಗೋಡೆಯ ಮೇಲೆ ತಮಿಳು

ಸಾವಿರಾರು ಜನ ಬಸ್ಸಿಗೆ ಕಾಯುವ ಮಡಿವಾಳದಲ್ಲಿ ಸೋಮೇಶ್ವರನ ಹಳೆಯ ಗುಡಿ ಇದೆ. ಅದರ ಹೊರಗೋಡೆಯ ಮೇಲೆಲ್ಲ ಅಕ್ಷರಗಳು, ತಮಿಳಿನಲ್ಲಿ. 1247ರ ಒಂದು ಬರಹದಲ್ಲಿ ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಜಮೀನನ್ನು ದಾನ ಕೊಟ್ಟ ವಿಚಾರವಿದೆ. ಬೇಗೂರಿಗೆ ಅವರು ವೆಪ್ಪೂರು ಎನ್ನುತ್ತಿದ್ದರು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲೂ ಇಂಥವೇ ತಮಿಳು ಶಾಸನಗಳಿವೆ.

ಇಲ್ಲಿ ತಮಿಳು ಯಾಕೆ ಬಂತು? ಸುಮಾರು 1004ರ ಹೊತ್ತಿಗೆ ಚೋಳರು ಗಂಗವಾಡಿಯನ್ನು ಗೆದ್ದರು. ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷ ಅವರದೇ ಆಡಳಿತ. 1116ರ ಸುಮಾರಿಗೆ ವಿಷ್ಣುವರ್ಧನ ತಲಕಾಡನ್ನು ಗೆದ್ದ ಮೇಲೂ ಈ ಮೂಡಲ ಸೀಮೆಯಲ್ಲಿ ತಮಿಳು ಬರವಣಿಗೆ ಮುಂದುವರಿಯಿತು. ಒಂದೇ ಊರು, ಕನ್ನಡದ ಕಲ್ಲಿನಲ್ಲಿ ಬೆಂಗುಳೂರು, ತಮಿಳು ಕಲ್ಲಿನಲ್ಲಿ ವೆಂಗಳೂರು. ಭಾಷೆಯ ಹೆಸರಲ್ಲಿ ಜಗಳ ಆಡುವವರೆಲ್ಲ ಒಮ್ಮೆ ಈ ಎರಡೂ ಕಲ್ಲನ್ನು ನೋಡಿ ಬರಲಿ ಅನ್ನಿಸುತ್ತದೆ. ಗುಡಿ ನೋಡಿ ಹೊತ್ತಿದ್ದರೆ ಮಡಿವಾಳ ಕೆರೆಗೆ ಹೋಗಿ, ಹೆಜ್ಜಾರ್ಲೆಗಳು ಕಂಡರೂ ಕಂಡಾವು.

ಈಗಲೇ ಯಾಕೆ ಹೋಗಬೇಕು

ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದ್ದು 1905ರಲ್ಲಿ. ಅವರು ಪಟ್ಟಿ ಮಾಡಿದ ಕಲ್ಲುಗಳಲ್ಲಿ ಎಷ್ಟೋ ಈಗ ಇಲ್ಲ. ಹೊಲ ಲೇಔಟ್ ಆಯಿತು, ಕಲ್ಲು ಪಾಯಕ್ಕೆ ಹೋಯಿತು, ಚರಂಡಿಗೆ ಚಪ್ಪಡಿಯಾಯಿತು. ಯಾರೂ ಕೆಟ್ಟವರಲ್ಲ, ಅದು ಏನೆಂದು ಹೇಳುವವರಿರಲಿಲ್ಲ ಅಷ್ಟೇ.

ಗೊತ್ತಾದರೆ ಜನ ಏನು ಮಾಡುತ್ತಾರೆ ಅನ್ನುವುದಕ್ಕೆ ಹೆಬ್ಬಾಳದ ಉದಾಹರಣೆ ಇದೆ. 2018ರಲ್ಲಿ ಅಲ್ಲಿ ಚರಂಡಿ ಕೆಲಸದ ವೇಳೆ ಒಂದು ವೀರಗಲ್ಲು ಕಣ್ಣಿಗೆ ಬಿತ್ತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು 750ನೇ ಇಸವಿ, ಕಿತ್ತಯ್ಯ ಎಂಬ ವೀರನದು. ಬೆಂಗಳೂರಿನಲ್ಲಿ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಇದೂ ಒಂದು. ಆಸಕ್ತರು, ಅಲ್ಲಿನ ನಿವಾಸಿಗಳು ಸೇರಿ ಅದನ್ನು ಉಳಿಸಿ ಅದಕ್ಕೊಂದು ಮಂಟಪ ಕಟ್ಟಿಸಿದರು. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದ್ದಾರೆ. ಇನ್ನು ಕಲ್ಲು ಕಳೆದರೂ ಅಕ್ಷರ ಉಳಿಯುತ್ತದೆ. ಆದರೆ ಕಲ್ಲೇ ಉಳಿದರೆ ಎಷ್ಟು ಚೆನ್ನ!

ಹೊರಡುವವರಿಗೆ ಒಂದೆರಡು ಮಾತು. ಅಕ್ಷರ ಸರಿಯಾಗಿ ಕಾಣಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ, ಇಲ್ಲವೇ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಕಲ್ಲಿನ ಮೇಲೆ ಅರಿಶಿನ, ಎಣ್ಣೆ, ಸುಣ್ಣ, ಚಾಕ್‌ಪೀಸ್ ಯಾವುದೂ ಬೇಡ. ಬನ್ನೇರುಘಟ್ಟವನ್ನೂ ಸೇರಿಸಿಕೊಳ್ಳುವುದಾದರೆ ಮಂಗಳವಾರ ಮೃಗಾಲಯಕ್ಕೆ ರಜೆ ಅನ್ನುವುದು ನೆನಪಿರಲಿ.

ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಬಂದ ನಮ್ಮ ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಬೆಳೆಯುತ್ತಿದ್ದಾರೆ. "ನಿಮ್ಮದು ಯಾವೂರು" ಅಂತ ಕೇಳಿದರೆ ಅವರು ಅಜ್ಜಿ ಊರಿನ ಹೆಸರು ಹೇಳಿ, "ನಾವಿರೋದು ಬೆಂಗಳೂರು" ಅನ್ನುತ್ತಾರೆ. ಇರುವ ಜಾಗ ಊರಾಗಬೇಕಾದರೆ ಅಲ್ಲಿ ನಮಗಿಂತ ಮೊದಲಿದ್ದವರ ನಾಲ್ಕು ಹೆಸರಾದರೂ ಗೊತ್ತಿರಬೇಕು. ನಾಗತ್ತರ, ತೊಂಡಬ್ಬೆ, ಸಿರಿಮಯ್ಯ, ಕಿತ್ತಯ್ಯ - ನಾಲ್ಕು ಹೆಸರು ನಾನು ಕೊಟ್ಟಿದ್ದೇನೆ. ನಿಮ್ಮ ಏರಿಯಾದ ಹಳೇ ಗುಡಿಯ ಹಿಂದೆ, ಅರಳಿಕಟ್ಟೆಯ ಪಕ್ಕ ಒಂದು ಕಲ್ಲು ಒರಗಿಕೊಂಡಿರಬಹುದು. ಮುಂದಿನ ಶನಿವಾರ ಮಕ್ಕಳ ಕೈ ಹಿಡಿದು ಒಂದು ಸುತ್ತು ಹುಡುಕಿ ಬನ್ನಿ.