ಏರ್ ಕೂಲರ್

ನೀರು ಆವಿಯಾಗುವಾಗ ಸುತ್ತಲಿನ ಗಾಳಿಯಿಂದ ಶಾಖ ಹೀರಿಕೊಳ್ಳುವುದನ್ನು ಬಳಸಿಕೊಂಡು ಕೋಣೆಯನ್ನು ತಂಪಾಗಿಸುವ ಯಂತ್ರ. ಡೆಸರ್ಟ್ ಕೂಲರ್ ಎಂಬ ಹೆಸರೂ ಉಂಟು. ಆಡುಮಾತಿನಲ್ಲಿ ಬರೀ ಕೂಲರ್. ತಗಡಿನ ಅಥವಾ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಮೂರು ಬದಿಗೆ ನೀರು ಹಿಡಿದಿಡುವ ಪ್ಯಾಡ್, ತಳದಲ್ಲಿ ತೊಟ್ಟಿ, ನೀರನ್ನು ಪ್ಯಾಡಿನ ತಲೆಗೆ ಏರಿಸುವ ಚಿಕ್ಕ ಪಂಪು, ಹೊರಗಿನ ಗಾಳಿಯನ್ನು ಪ್ಯಾಡಿನ ಮೂಲಕ ಎಳೆದು ಒಳಕ್ಕೆ ದೂಡುವ ಫ್ಯಾನು: ಇಷ್ಟೇ ಇದರ ಭಾಗಗಳು. ಕಂಪ್ರೆಸರ್ ಆಗಲಿ ಶೀತಕ ಅನಿಲವಾಗಲಿ ಇಲ್ಲ. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ಯಾದಗಿರಿ, ಬೀದರ್, ವಿಜಯಪುರ, ಬಳ್ಳಾರಿ ಭಾಗಗಳ ಬೇಸಿಗೆಗೆ ಇದು ಹೇಳಿ ಮಾಡಿಸಿದ ಯಂತ್ರ. ಮಂಗಳೂರು, ಕಾರವಾರಗಳಲ್ಲಿ ಇದು ನಿಷ್ಪ್ರಯೋಜಕ. ಈ ವ್ಯತ್ಯಾಸಕ್ಕೆ ಕಾರಣ ಗಾಳಿಯ ತೇವ.

ಇತಿಹಾಸ

ಒದ್ದೆ ಲಾವಂಚದ ತಟ್ಟಿಯನ್ನು ಬಾಗಿಲಿಗೆ ಕಟ್ಟಿ ಬಿಸಿಗಾಳಿಯನ್ನು ತಂಪು ಮಾಡುವ ಪದ್ಧತಿ ಭಾರತದಲ್ಲಿ ಹಳೆಯದು. ಅಕ್ಬರನ ಕಾಲದ ವ್ಯವಸ್ಥೆಗಳನ್ನು ದಾಖಲಿಸಿದ ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲಿ ಲಾವಂಚದ ಜಾಲರಿಗೆ ನೀರೆರಚಿ ತಂಪು ಪಡೆಯುವ ಉಲ್ಲೇಖವಿದೆ. ತಟ್ಟಿಯ ದೌರ್ಬಲ್ಯವೆಂದರೆ ಗಾಳಿ ತಾನಾಗಿ ಬೀಸಬೇಕು. ಈ ಕೊರತೆಯನ್ನು ನೀಗಲು 1830ರ ದಶಕದಲ್ಲಿ ಉತ್ತರ ಭಾರತದ ಬ್ರಿಟಿಷರ ಬಂಗಲೆಗಳಿಗೆ ಥರ್ಮಾಂಟಿಡೋಟ್ ಎಂಬ ಸಾಧನ ಬಂತು. ಕಿಟಕಿಗೆ ಜೋಡಿಸಿದ ಮರದ ಪೆಟ್ಟಿಗೆಯೊಳಗೆ ಕೈಯಿಂದ ತಿರುಗಿಸುವ ರೆಕ್ಕೆಚಕ್ರ, ಪಕ್ಕಗಳಿಗೆ ಒದ್ದೆ ತಟ್ಟಿ. ಚಕ್ರ ತಿರುಗಿಸುವ ಆಳಿನ ಜಾಗದಲ್ಲಿ ವಿದ್ಯುತ್ ಮೋಟಾರನ್ನೂ ನೀರೆರಚುವ ಆಳಿನ ಜಾಗದಲ್ಲಿ ಪಂಪನ್ನೂ ಇಟ್ಟರೆ ಇಂದಿನ ಕೂಲರು ಸಿದ್ಧ. ಆಸ್ಪೆನ್ ಮರದ ಸಣ್ಣ ಎಳೆಗಳ ಪ್ಯಾಡುಳ್ಳ ವಿದ್ಯುತ್ ಕೂಲರುಗಳು 1930ರ ದಶಕದಲ್ಲಿ ಅಮೆರಿಕದ ಅರಿಜೋನಾದಂಥ ಮರುಭೂಮಿ ಪ್ರದೇಶಗಳಲ್ಲಿ ಹರಡಿದವು. ಭಾರತೀಯ ಮಾನಕ ಸಂಸ್ಥೆ ಇದಕ್ಕೆ ಐಎಸ್ 3315 ಎಂಬ ಮಾನಕವನ್ನು ರೂಪಿಸಿದೆ.

ಒದ್ದೆಬಲ್ಬ್ ತಾಪ ಮತ್ತು ತಂಪಿನ ಮಿತಿ

ಮಣ್ಣಿನ ಹರವಿಯ ನೀರು ಎಷ್ಟು ತಂಪಾಗುತ್ತದೆ ಎಂಬುದನ್ನು ಆ ದಿನದ ಗಾಳಿ ನಿರ್ಧರಿಸುವ ಹಾಗೆ, ಕೂಲರಿನ ತಂಪನ್ನೂ ಗಾಳಿಯೇ ನಿರ್ಧರಿಸುತ್ತದೆ. ಆ ಮಿತಿಗೆ ಒದ್ದೆಬಲ್ಬ್ ತಾಪ ಎನ್ನುತ್ತಾರೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಫ್ಯಾನಿನ ಗಾಳಿಗೆ ಹಿಡಿದಾಗ ಅದು ಎಲ್ಲಿಗೆ ಇಳಿದು ನಿಲ್ಲುತ್ತದೋ ಅದೇ ಆ ಹೊತ್ತಿನ ಒದ್ದೆಬಲ್ಬ್ ತಾಪ. ಕೂಲರು ಇದಕ್ಕಿಂತ ಕೆಳಗಿಳಿಸಲಾರದು. ಒಳ್ಳೆಯ ಪ್ಯಾಡ್ ಒಣ ತಾಪಕ್ಕೂ ಒದ್ದೆಬಲ್ಬ್ ತಾಪಕ್ಕೂ ಇರುವ ಅಂತರದ ಸುಮಾರು ಶೇಕಡ 85ರಷ್ಟನ್ನು ಕ್ರಮಿಸುತ್ತದೆ.

ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಬಿಸಿಲು, ಶೇಕಡ 20 ಸಾಪೇಕ್ಷ ಆರ್ದ್ರತೆ ಎಂದುಕೊಂಡರೆ ಒದ್ದೆಬಲ್ಬ್ ತಾಪ 23 ಡಿಗ್ರಿಗೆ ತುಸು ಕಡಿಮೆ. ಕೂಲರಿನ ಬಾಯಿಂದ ಹೊರಬರುವ ಗಾಳಿ 25ರಿಂದ 26 ಡಿಗ್ರಿ. ಕರಾವಳಿಯ 33 ಡಿಗ್ರಿ, ಶೇಕಡ 70 ಆರ್ದ್ರತೆಯಲ್ಲಿ ಒದ್ದೆಬಲ್ಬ್ ತಾಪವೇ 28 ಡಿಗ್ರಿ ದಾಟಿರುತ್ತದೆ; ಅಲ್ಲಿ ಕೂಲರು 29 ಡಿಗ್ರಿಯ, ತೇವದಿಂದ ಭಾರವಾದ ಗಾಳಿಯನ್ನು ಕೊಡುತ್ತದೆ. ಬೆವರು ಆರುವುದಿಲ್ಲವಾದ್ದರಿಂದ ಸೆಖೆ ಹೆಚ್ಚಿದಂತೆಯೇ ಅನಿಸಬಹುದು. ಬೆಂಗಳೂರಿನ ಏಪ್ರಿಲ್ ಇವೆರಡರ ನಡುವೆ, ಕೂಲರಿನ ಪರವಾಗಿಯೇ ಇದೆ. ಮಳೆಗಾಲ ಹಿಡಿದ ಮೇಲೆ ಕಲಬುರಗಿಯಲ್ಲೂ ಇದರ ಆಟ ನಡೆಯದು.

ಒಂದು ಲೀಟರು ನೀರು ಆವಿಯಾದರೆ ಸುಮಾರು 0.67 ಕಿಲೊವ್ಯಾಟ್-ಗಂಟೆಯಷ್ಟು ಶಾಖ ಗಾಳಿಯಿಂದ ಹೋಗುತ್ತದೆ. ಗಂಟೆಗೆ 1,200 ಘನಮೀಟರ್ ಗಾಳಿ ಹಾಯಿಸುವ ಕೂಲರು ಮೇಲೆ ಹೇಳಿದ ಒಣ ಹವೆಯಲ್ಲಿ ಗಂಟೆಗೆ ಸುಮಾರು 8 ಲೀಟರು ನೀರು ಕುಡಿಯುತ್ತದೆ. ಲೆಕ್ಕಕ್ಕೆ ಇದು 5 ಕಿಲೊವ್ಯಾಟಿಗೂ ಮಿಕ್ಕ ತಂಪು, ಅಂದರೆ ಒಂದೂವರೆ ಟನ್ನಿನ ಎ.ಸಿ.ಗೆ ಸಮ. ಮಾರಾಟಗಾರರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಈ ತಂಪಿನ ಬಹುಪಾಲು ಹೊರಗಿನ 40 ಡಿಗ್ರಿಯ ಗಾಳಿಯನ್ನು ಕೋಣೆಯ ಮಟ್ಟಕ್ಕೆ ತರುವುದರಲ್ಲೇ ತೀರುತ್ತದೆ. ಕೋಣೆ 29 ಡಿಗ್ರಿಯಲ್ಲಿದ್ದರೆ 29ರಿಂದ 25.5ರವರೆಗಿನ ಮೂರೂವರೆ ಡಿಗ್ರಿ ಮಾತ್ರ ಗೋಡೆ, ಸೂರು, ಮನುಷ್ಯರ ಶಾಖವನ್ನು ಹೊರಲು ಉಳಿಯುತ್ತದೆ: ಅದು 1.3 ಕಿಲೊವ್ಯಾಟ್, ಅರ್ಧ ಟನ್ನಿಗಿಂತ ಕಡಿಮೆ. ಇದಕ್ಕೆ 150ರಿಂದ 200 ವ್ಯಾಟ್ ವಿದ್ಯುತ್ ಸಾಕು ಎಂಬುದು ನಿಜವಾದ ಲಾಭ. ಕೂಲರು ಎ.ಸಿ.ಗಿಂತ ಮಿತವ್ಯಯಿ ಎಂಬುದರಲ್ಲಿ ಅನುಮಾನವಿಲ್ಲ. ಹತ್ತು ಪಟ್ಟು ಮಿತವ್ಯಯಿ ಎಂಬ ಮಾತನ್ನು ಮಾತ್ರ ಎಚ್ಚರದಿಂದ ಕೇಳಬೇಕು.

ಬಿಸಿಲಿಗೆ ಕಾದ ಆರ್‌ಸಿಸಿ ಸೂರಿನ ಕೆಳಗೆ ಅದೇ ಕೂಲರು ಸೋಲುವುದು, ಮಣ್ಣಿನ ಮಾಳಿಗೆಯ ಮನೆಯಲ್ಲಿ ಗೆಲ್ಲುವುದು ಈ ಲೆಕ್ಕದಿಂದಲೇ ಅರ್ಥವಾಗುತ್ತದೆ. ದಪ್ಪ ಮಣ್ಣಿನ ಮಾಳಿಗೆ ಹಗಲಿನ ಶಾಖವನ್ನು ನಿಧಾನವಾಗಿ ಒಳಬಿಡುತ್ತದೆ. ತೆಳು ಕಾಂಕ್ರೀಟು ಸಂಜೆಗೇ ಒಳಕ್ಕೆ ಕಾರತೊಡಗುತ್ತದೆ. ಹೀಗಾಗಿ ದೊಡ್ಡ ಕೂಲರು ಕೊಳ್ಳುವ ಮುಂಚೆ ಸೂರಿಗೆ ಬಿಳಿ ಸುಣ್ಣ ಬಳಿಯುವುದು ಹೆಚ್ಚು ಫಲ ಕೊಡುವ ಖರ್ಚು.

ಆಯ್ಕೆ

ಖರೀದಿಯಲ್ಲಿ ನೋಡಬೇಕಾದ್ದು ತೊಟ್ಟಿಯ ಲೀಟರನ್ನಲ್ಲ, ಗಾಳಿಯ ಪ್ರಮಾಣವನ್ನು. ಕೋಣೆಯ ಗಾಳಿ ಗಂಟೆಗೆ ಸುಮಾರು 30 ಸಲ ಬದಲಾಗಬೇಕು ಎಂಬುದು ಬಳಕೆಯ ಲೆಕ್ಕ. 12 ಅಡಿ ಉದ್ದಗಲ, 10 ಅಡಿ ಎತ್ತರದ ಕೋಣೆಗೆ ಇದು ಗಂಟೆಗೆ 1,200 ಘನಮೀಟರ್ ಚಿಲ್ಲರೆ. ಜೇನುಗೂಡಿನ ರಚನೆಯ ಸೆಲ್ಯುಲೋಸ್ ಪ್ಯಾಡು ಮರದ ಎಳೆಯ ಪ್ಯಾಡಿಗಿಂತ ದುಬಾರಿ, ಆದರೆ ಕುಸಿದು ಸಂದು ಬಿಡುವುದಿಲ್ಲ, ಹಲವು ಬೇಸಿಗೆ ಬಾಳುತ್ತದೆ. ಬಿಎಲ್‌ಡಿಸಿ (ಬ್ರಶ್ ರಹಿತ ಡಿ.ಸಿ.) ಮೋಟಾರಿನದಾದರೆ ವಿದ್ಯುತ್ ಇನ್ನೂ ಕಡಿಮೆ. ಕರೆಂಟು ಹೋದಾಗ ಮನೆಯ ಇನ್ವರ್ಟರಿನ ಮೇಲೆ ಓಡಬಲ್ಲದ್ದು ಕೂಲರಿನ ದೊಡ್ಡ ಅನುಕೂಲ.

ಇಡುವ ಜಾಗ ಯಂತ್ರದಷ್ಟೇ ಮುಖ್ಯ. ಬೆನ್ನು ಕಿಟಕಿಯಾಚೆಗಿದ್ದು ಹೊರಗಾಳಿಯನ್ನೇ ಎಳೆಯಬೇಕು. ಎದುರಿನ ಕಿಟಕಿ ಅಥವಾ ಬಾಗಿಲು ತೆರೆದಿರಬೇಕು. ಎ.ಸಿ.ಯ ರೂಢಿಯಂತೆ ಕೋಣೆಯನ್ನು ಮುಚ್ಚಿ ಕೂಲರನ್ನು ನಡುವೆ ಇಟ್ಟರೆ ಅದೇ ಗಾಳಿ ಮತ್ತೆ ಮತ್ತೆ ತೇವಗೊಂಡು ಅರ್ಧ ತಾಸಿನಲ್ಲಿ ಕೋಣೆ ಹಬೆಮನೆಯಾಗುತ್ತದೆ.

ನಿರ್ವಹಣೆ

ಆವಿಯಾಗಿ ಹೋಗುವುದು ನೀರು ಮಾತ್ರ, ಲವಣವಲ್ಲ. ಕೊಳವೆಬಾವಿಯ ಗಡಸು ನೀರು ತೊಟ್ಟಿಯಲ್ಲಿ ದಿನೇ ದಿನೇ ಗಡಸಾಗಿ, ಪ್ಯಾಡಿನ ಮೇಲೆ ಬಿಳಿ ಪದರವಾಗಿ ಕಟ್ಟಿ, ಗಾಳಿಯ ದಾರಿ ಮುಚ್ಚುತ್ತದೆ. ತೊಟ್ಟಿಯ ಲವಣಾಂಶ ಮೂಲ ನೀರಿನ ಮೂರು ಪಟ್ಟು ಮೀರದಿರಲು ಆವಿಯಾದ ನೀರಿನ ಅರ್ಧದಷ್ಟನ್ನು ಹೊರಬಿಡಬೇಕು. ಹತ್ತು ತಾಸಿಗೆ 80 ಲೀಟರು ಆವಿ, 40 ಲೀಟರು ಹೊರಕ್ಕೆ: ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುವ ಮನೆಗೆ ಇದು ಹಗುರವಾದ ಮೊತ್ತವಲ್ಲ. ಹೊರಬಿಟ್ಟದ್ದು ನೆಲ ಒರೆಸಲು, ಕಕ್ಕಸಿಗೆ ಆದೀತು. ಗಿಡಕ್ಕೆ ಅಷ್ಟು ಒಳ್ಳೆಯದಲ್ಲ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೂಲರಿನ ತೊಟ್ಟಿ ಇಷ್ಟದ ತಾಣ. ಮೊಟ್ಟೆ ಸೊಳ್ಳೆಯಾಗಲು ಬೇಸಿಗೆಯಲ್ಲಿ ಹೆಚ್ಚುಕಡಿಮೆ ಒಂದು ವಾರ ಹಿಡಿಯುವುದರಿಂದ ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಬೇಕು. ಬರಿದು ಮಾಡಿದರಷ್ಟೇ ಸಾಲದು: ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿ, ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ತಿಕ್ಕಿ ತೊಳೆಯಲೇಬೇಕು.

ತಗಡಿನ ಕೂಲರು, ನೀರು, ಬರಿಗಾಲು, ಹಳೆಯ ವೈರು ಒಂದೆಡೆ ಸೇರಿದಾಗ ಜೀವಾಪಾಯ. ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ತಗಡಿನ ಕೂಲರನ್ನು ಜೋಡಿಸಬಾರದು. ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ವಿದ್ಯುತ್ ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದು ಉತ್ತಮ.

ಎ.ಸಿ. ಅನಿವಾರ್ಯವಾದಲ್ಲಿ

ಕರಾವಳಿಯಲ್ಲಿ ಗಾಳಿಯ ತೇವವನ್ನೇ ತೆಗೆಯಬೇಕಾದ್ದರಿಂದ ಎ.ಸಿ.ಗೆ ಬದಲಿಯಿಲ್ಲ. ಅಲ್ಲಿ ನಕ್ಷತ್ರಗಳ ಸಂಖ್ಯೆಗಿಂತ ಲೇಬಲಿನ ಮೇಲಿನ ಐಎಸ್‌ಇಇಆರ್ (ಭಾರತೀಯ ಋತುಮಾನ ಇಂಧನ ದಕ್ಷತಾ ಅನುಪಾತ) ಅಂಕಿಯನ್ನು ನೋಡುವುದು ಮೇಲು. ಇಂಧನ ದಕ್ಷತಾ ಬ್ಯೂರೋ ಮಾನದಂಡವನ್ನು ಆಗಾಗ ಬಿಗಿಗೊಳಿಸುತ್ತದೆ: 2018ರಲ್ಲಿ ಸ್ಪ್ಲಿಟ್ ಎ.ಸಿ.ಗೆ ಐದು ನಕ್ಷತ್ರ ಸಿಗಲು 4.5 ಸಾಕಿತ್ತು, 2022ರ ಜುಲೈನಿಂದ 5.0 ಬೇಕಾಯಿತು. ಈ ಅಂಕಿಯನ್ನು ಲೆಕ್ಕ ಹಾಕುವುದು ವರ್ಷಕ್ಕೆ 1,600 ಗಂಟೆಗಳ ಬಳಕೆ ಹಿಡಿದು. ಉಡುಪಿಯಲ್ಲಿ ವರ್ಷದ ಬಹುಕಾಲ ಎ.ಸಿ. ಹಾಕುವ ಮನೆಗೆ ಹೆಚ್ಚು ಐಎಸ್‌ಇಇಆರ್‌ನ ಯಂತ್ರದ ಬೆಲೆ ಬೇಗ ಹುಟ್ಟುತ್ತದೆ, ಬೆಂಗಳೂರಿನಲ್ಲಿ ಏಪ್ರಿಲ್‌ನ ಕೆಲವು ರಾತ್ರಿ ಮಾತ್ರ ಹಾಕುವ ಮನೆಗೆ ಬಹುಶಃ ಹುಟ್ಟುವುದೇ ಇಲ್ಲ.