“ಇಳಿದ್ರೆ ನನಗೇನು ಬರ್ತದೆ?”: ಗಿಡಮೂಲಿಕೆ ಮತ್ತು ಕೋಳಿಯ ರಕ್ತದ ಕೊಬ್ಬು

ಕಳೆದ ಬೇಸಿಗೆಯಲ್ಲಿ ಗುಬ್ಬಿ ಕಡೆಯ ರೈತರೊಬ್ಬರು ತುಮಕೂರಿನ ನಮ್ಮ ಮನೆಗೆ ಬಂದರು. ತೆಂಗಿನ ತೋಟದ ಮಗ್ಗುಲಲ್ಲೇ ಅವರ ಶೆಡ್ಡು. ಕಂಪನಿಗೆ ಸಾಕಿಕೊಡುವವರಲ್ಲ, ಫೀಡನ್ನು ತಾವೇ ಅರೆಸಿ ಸ್ವಂತಕ್ಕೆ ಸಾಕುವವರು. ಕೈಯಲ್ಲಿ ಒಂದು ಕೆ.ಜಿ. ಗಿಡಮೂಲಿಕೆ ಪುಡಿಯ ಪೊಟ್ಟಣವಿತ್ತು. ಅದರ ಮೇಲೆ ಕೋಳಿಯ ಚಿತ್ರ, ಪಕ್ಕದಲ್ಲಿ ಕೆಂಪು ಹೃದಯದ ಚಿತ್ರ, ಕೆಳಗೆ ‘ಕೊಲೆಸ್ಟೆರಾಲ್ ಇಳಿಸುತ್ತದೆ’ ಎಂಬ ಸಾಲು. “ಸಾರ್, ಇದನ್ನ ಬೆರೆಸಿದ್ರೆ ಕೋಳಿ ರಕ್ತದಾಗಿನ ಕೊಬ್ಬು ಇಳೀತದಂತೆ. ಇಳಿದ್ರೆ ನನಗೇನು ಬರ್ತದೆ?” ಅಂದರು.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿ, ಮೂವತ್ತು ವರ್ಷ ಕೋಳಿಯ ಆಹಾರದ ಕೆಲಸದಲ್ಲೇ ಕಳೆದವನು ನಾನು. ಈ ಪ್ರಶ್ನೆಯನ್ನು ನಮ್ಮ ಯಾವ ಪರೀಕ್ಷಕರೂ ನಮಗೆ ಕೇಳಲಿಲ್ಲ. ಕೇಳಿದ್ದರೆ ನಮ್ಮ ಕ್ಷೇತ್ರ ಬೇರೆ ದಾರಿ ಹಿಡಿಯುತ್ತಿತ್ತು.

ಆರಂಭದ ಕಥೆ ಚಿಕ್ಕದು. ಸೊಪ್ಪು, ಕಾಳುಗಳಲ್ಲಿರುವ ಸಪೋನಿನ್ ಎಂಬ ನೊರೆಯ ಅಂಶ ಕೋಳಿಯ ರಕ್ತದ ಕೊಲೆಸ್ಟೆರಾಲನ್ನು ತಗ್ಗಿಸುತ್ತದೆ ಎಂದು ಅಮೆರಿಕದ ಪ್ರಯೋಗಶಾಲೆಗಳು 1957–58ರಲ್ಲೇ ವರದಿ ಮಾಡಿದ್ದವು. ಆಗ ಕೋಳಿ ಬರೀ ಮಾದರಿ ಪ್ರಾಣಿ. ಎಲ್ಲರ ಕಣ್ಣಿದ್ದದ್ದು ಮನುಷ್ಯನ ಹೃದಯದ ಮೇಲೆ. ಶೆಡ್ಡುಗಳಲ್ಲಿ ಆ ಹೊತ್ತಿಗಾಗಲೇ ಆಂಟಿಬಯಾಟಿಕ್ ಫೀಡಿನ ಕಾಲ ಶುರುವಾಗಿತ್ತು, ಬೇರು ಸೊಪ್ಪಿನ ಗೊಡವೆ ಯಾರಿಗೂ ಬೇಕಿರಲಿಲ್ಲ. ನಮ್ಮಲ್ಲಿ ಜಿ.ವಿ. ಸತ್ಯವತಿಯವರು 1966ರಲ್ಲಿ ಬನಾರಸ್‌ನಲ್ಲಿ ಮೊಲಗಳ ಮೇಲೆ ಗುಗ್ಗುಳವನ್ನು ಪರೀಕ್ಷಿಸಿದರು. 1970ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಸುಬ್ಬರಾವ್ ಮತ್ತು ಸಂಗಡಿಗರು ಇಲಿಗಳಿಗೆ ಅರಿಶಿನದ ಕುರ್ಕುಮಿನ್ ತಿನ್ನಿಸಿ, ರಕ್ತದಲ್ಲೂ ಯಕೃತ್ತಿನಲ್ಲೂ ಕೊಲೆಸ್ಟೆರಾಲ್ ಇಳಿದದ್ದನ್ನು ತೋರಿಸಿದರು. ಮೈಸೂರಿನ ಆ ಪ್ರಬಂಧಕ್ಕೆ ಸಲ್ಲಬೇಕಾದ ಗೌರವ ನಮ್ಮ ಕೋಳಿ ವಿಜ್ಞಾನಿಗಳಿಂದ ಇನ್ನೂ ಸಂದಿಲ್ಲ.

ಕೋಳಿಗೇ ಸಂಬಂಧಿಸಿದ ಗಟ್ಟಿ ಕೆಲಸ ಬಂದದ್ದು ಬೆಳ್ಳುಳ್ಳಿಯಿಂದ. 1983ರಲ್ಲಿ ಅಮೆರಿಕದಲ್ಲಿ ಕುರೇಶಿ ಮತ್ತು ಸಂಗಡಿಗರು, ಕೋಳಿಯ ಯಕೃತ್ತಿನಲ್ಲಿ ಕೊಲೆಸ್ಟೆರಾಲ್ ತಯಾರಿಸುವ ಕಿಣ್ವಗಳನ್ನು ಬೆಳ್ಳುಳ್ಳಿಯ ಅಂಶಗಳು ತಡೆಯುತ್ತವೆ ಎಂದು ತೋರಿಸಿದರು. ಆಮೇಲೆ ಎರಡು ದಶಕ ಜಗಳವೇ ನಡೆಯಿತು. 2000ದಲ್ಲಿ ಅಮೆರಿಕದ ಒಂದು ತಂಡ ಮೊಟ್ಟೆಕೋಳಿಗಳಿಗೆ ಶೇ. 3ರಷ್ಟು ಬೆಳ್ಳುಳ್ಳಿ ಪುಡಿ ತಿನ್ನಿಸಿ, ಮೊಟ್ಟೆಯ ಹಳದಿಯ ಕೊಲೆಸ್ಟೆರಾಲ್ ಕದಲಲಿಲ್ಲ ಎಂದಿತು. 2002ರಲ್ಲಿ ಚೌಧುರಿ ಮತ್ತು ಸಂಗಡಿಗರು, ಬಿಸಿಲಲ್ಲಿ ಒಣಗಿಸಿದ ಬೆಳ್ಳುಳ್ಳಿಯನ್ನು ಶೇ. 2ರಿಂದ 10ರವರೆಗೆ ಏರಿಸುತ್ತ ಹೋದಂತೆ ರಕ್ತದಲ್ಲೂ ಹಳದಿಯಲ್ಲೂ ಕೊಲೆಸ್ಟೆರಾಲ್ ಇಳಿಯುತ್ತ ಹೋಯಿತು ಎಂದರು. ಇಬ್ಬರನ್ನೂ ನಾನು ನಂಬುತ್ತೇನೆ. ಆದರೆ ದಿನಕ್ಕೆ 110 ಗ್ರಾಂ ಫೀಡ್ ತಿನ್ನುವ ಕೋಳಿಗೆ ಶೇ. 10 ಎಂದರೆ 11 ಗ್ರಾಂ ಒಣ ಬೆಳ್ಳುಳ್ಳಿ. ಸಾವಿರ ಕೋಳಿಗೆ ದಿನಕ್ಕೆ 11 ಕೆ.ಜಿ. 2024ರ ಆರಂಭದಲ್ಲಿ ಹಸಿ ಬೆಳ್ಳುಳ್ಳಿಯೇ ಕೆ.ಜಿ.ಗೆ 400 ರೂಪಾಯಿ ಮುಟ್ಟಿತ್ತು. ಬೆಳ್ಳುಳ್ಳಿ ಪ್ರಬಂಧಗಳಲ್ಲಿ ಈ ಲೆಕ್ಕವನ್ನು ನಾನು ಕಂಡದ್ದು ಬಹಳ ಕಡಿಮೆ.

ಇನ್ನು ನಮ್ಮ ತಲೆಮಾರು. 1989ರಲ್ಲಿ ಹೆಬ್ಬಾಳದಿಂದ ಗಿರಿರಾಜ ಕೋಳಿ ತಳಿ ಹೊರಬಂದಿತ್ತು, 1995ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಬಂತು. ನಮಗೆ ಹುಮ್ಮಸ್ಸಿತ್ತು, ಹಣವಿರಲಿಲ್ಲ. ಮೆಂತ್ಯ, ಕರಿಬೇವು, ನೆಲನೆಲ್ಲಿ, ಅಮೃತಬಳ್ಳಿ, ನುಗ್ಗೆಸೊಪ್ಪು ಎಲ್ಲವನ್ನೂ ಒಣಗಿಸಿ, ಪುಡಿಮಾಡಿ, ಜರಡಿ ಹಿಡಿದು ಫೀಡಿಗೆ ಬೆರೆಸುತ್ತಿದ್ದೆವು. ಮರಿಗಳಿಗೆ 42 ದಿನ ತುಂಬಿದಾಗ ರೆಕ್ಕೆಯ ಕೆಳಗಿನ ನಾಳದಿಂದ ರಕ್ತ ತೆಗೆಯುತ್ತಿದ್ದೆವು. ಒಬ್ಬರು ರೆಕ್ಕೆ ಮಡಚಿ ಹಿಡಿದರೆ ಇನ್ನೊಬ್ಬರು ಗರಿ ಕಿತ್ತು ಸೂಜಿ ಹಾಕಬೇಕು. ರಕ್ತ ಹೆಪ್ಪುಗಟ್ಟಿದ ಮೇಲೆ ನಳಿಕೆಯಲ್ಲಿ ಸೀರಂ ಮೇಲಕ್ಕೆ ಬರುತ್ತದೆ. ಮೊದಲ ಸಲ ಮೊಟ್ಟೆಕೋಳಿಯ ಸೀರಂ ಕಂಡಾಗ ಕೆಟ್ಟುಹೋಯಿತೆಂದು ಚೆಲ್ಲಲು ಹೊರಟಿದ್ದೆ. ಹನ್ನೆರಡು ವಾರದ ಹೇಂಟೆ ಮರಿಯ ಸೀರಂ ತಿಳಿ ಹುಲ್ಲುಬಣ್ಣದ್ದು. ಅದೇ ಕೋಳಿ ಮೊಟ್ಟೆಗೆ ಬಂದ ಮೇಲೆ ಅರಿಶಿನ ಹಾಕಿದ ಮಜ್ಜಿಗೆಯ ಹಾಗೆ, ಹಿಂದಿಟ್ಟ ಬೆರಳು ಕಾಣದಷ್ಟು ಮಂದ. ಪಕ್ಕದಲ್ಲಿದ್ದ ಮೇಷ್ಟ್ರು ಕೈ ತಡೆದು, “ಚೆಲ್ಲಬೇಡಪ್ಪ, ಅದು ನಾಳೆ ನಾಡಿದ್ದಿನ ಮೊಟ್ಟೆ” ಅಂದರು.

ಆ ಮಾತಿನಲ್ಲಿ ಪಾಠವೆಲ್ಲ ಇತ್ತು. ಕೋಳಿಯ ದೇಹದಲ್ಲಿ ಕೊಬ್ಬು ತಯಾರಾಗುವುದು ಬಹುಪಾಲು ಯಕೃತ್ತಿನಲ್ಲೇ. ಮೊಟ್ಟೆಗೆ ಬಂದೊಡನೆ ಈಸ್ಟ್ರೋಜನ್ ಹಾರ್ಮೋನಿನ ಒತ್ತಡಕ್ಕೆ ಯಕೃತ್ತು ಕೊಬ್ಬಿನ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಡೆಸಿಲೀಟರಿಗೆ ನೂರು ಮಿ.ಗ್ರಾಂ ಆಸುಪಾಸಿನಲ್ಲಿದ್ದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಸಾವಿರ ದಾಟುತ್ತದೆ. ಅಂಡಾಶಯ ಅದನ್ನು ಹೀರಿಕೊಂಡು ಹಳದಿ ಕಟ್ಟುತ್ತದೆ. ಹೀರಿಕೊಳ್ಳುವ ಗ್ರಾಹಕವೇ (ರಿಸೆಪ್ಟರ್) ಹುಟ್ಟಿನಿಂದ ಕೆಟ್ಟಿರುವ ಒಂದು ಕೋಳಿ ತಳಿ ವಿಜ್ಞಾನಿಗಳ ಬಳಿ ಇದೆ. ಅದರ ರಕ್ತದಲ್ಲಿ ಕೊಬ್ಬು ತುಂಬಿ ತುಳುಕುತ್ತದೆ, ಮೊಟ್ಟೆ ಮಾತ್ರ ಬರುವುದೇ ಅಪರೂಪ. ಮನುಷ್ಯನಲ್ಲಿ ಕಾಯಿಲೆ ಎನಿಸುವ ಅಂಕಿ ಮೊಟ್ಟೆಕೋಳಿಯಲ್ಲಿ ದುಡಿಮೆಯ ಗುರುತು.

ಹೀಗಿದ್ದೂ ನಾವು ಮನುಷ್ಯರ ಲಿಪಿಡ್ ಪ್ರೊಫೈಲನ್ನು ಹಾಗೆಹಾಗೆಯೇ ಕೋಳಿಯ ಮೇಲೆ ಹೇರಿದೆವು. ಒಟ್ಟು ಕೊಲೆಸ್ಟೆರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದರೆ ಎಲ್‌ಡಿಎಲ್ ಸಿಗುತ್ತದೆ ಎಂಬ ಸೂತ್ರ 1972ರಲ್ಲಿ ಬಂದದ್ದು, ಉಪವಾಸವಿರುವ ಮನುಷ್ಯರಿಗಾಗಿ. ಟ್ರೈಗ್ಲಿಸರೈಡ್ 400 ದಾಟಿದರೆ ಅದು ಮನುಷ್ಯರಿಗೇ ನಡೆಯುವುದಿಲ್ಲ. ಕೊಲೆಸ್ಟೆರಾಲ್ 150, ಎಚ್‌ಡಿಎಲ್ 30, ಟ್ರೈಗ್ಲಿಸರೈಡ್ 1500 ಇರುವ ಮೊಟ್ಟೆಕೋಳಿಗೆ ಹಾಕಿ ನೋಡಿ, ಉತ್ತರ ಮೈನಸ್ 180 ಬರುತ್ತದೆ! ಈ ಸೂತ್ರ ಇಂದಿಗೂ ಕೋಳಿ ಪ್ರಬಂಧಗಳಲ್ಲಿ ಓಡಾಡುತ್ತಿದೆ. ಮೇವು ತೆಗೆದು ಎಷ್ಟು ಗಂಟೆಯ ಮೇಲೆ ರಕ್ತ ತೆಗೆದರು ಎಂಬುದನ್ನೂ ಎಷ್ಟೋ ಮಂದಿ ಬರೆಯುವುದಿಲ್ಲ. ಬ್ರಾಯ್ಲರ್ ಆರು ವಾರಕ್ಕೆ ತಕ್ಕಡಿ ಏರುತ್ತದೆ. ಅದರ ರಕ್ತನಾಳ ಕಟ್ಟಿಕೊಳ್ಳುವ ಚಿಂತೆ ಯಾರಿಗೆ? ತಿನ್ನುವವರ ಆರೋಗ್ಯದ ಮಾತು ಬೇರೆ ಎನ್ನಬಹುದು. ಒಂದು ಮೊಟ್ಟೆಯಲ್ಲಿ ಸುಮಾರು 185 ಮಿ.ಗ್ರಾಂ ಕೊಲೆಸ್ಟೆರಾಲ್ ಇದೆ ನಿಜ. ಆದರೆ ದಿನಕ್ಕೆ 300 ಮಿ.ಗ್ರಾಂ ಎಂಬ ಮಿತಿಯನ್ನು ಅಮೆರಿಕವೇ ತನ್ನ 2015–20ರ ಆಹಾರ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು.

ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಮುಖ್ಯ ಎಳೆ ಬೇರೆಡೆ ಇದೆ. 1966ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯ ಅಫ್ಲಾಟಾಕ್ಸಿನ್‌ನಿಂದ ಎರಡು ಸಾವಿರಕ್ಕೂ ಹೆಚ್ಚು ಮರಿಗಳು ಸತ್ತವು. ಪಾವಗಡ, ಶಿರಾದ ಕಡಲೆಕಾಯಿ ನೆಚ್ಚಿಕೊಂಡ ನಮ್ಮ ಜಿಲ್ಲೆ ಇದನ್ನು ಮರೆಯಬಾರದು. ಈ ವಿಷ ಯಕೃತ್ತಿಗೆ ಬಡಿದಾಗ ಕೊಬ್ಬನ್ನು ಹೊರಗೆ ಸಾಗಿಸುವ ಪ್ರೋಟೀನು ತಯಾರಾಗುವುದಿಲ್ಲ. ಕೊಬ್ಬು ಯಕೃತ್ತಿನಲ್ಲೇ ಕೂಡಿಕೊಳ್ಳುತ್ತದೆ, ರಕ್ತದಲ್ಲಿ ಕೊಲೆಸ್ಟೆರಾಲ್ ಇಳಿಯುತ್ತದೆ. ರಕ್ತದ ವರದಿ ನೋಡಿದವರಿಗೆ ಗೆದ್ದೆವೆನಿಸುತ್ತದೆ, ಒಳಗೆ ಲಿವರ್ ಹಳದಿಯಾಗಿ, ಬೆರಳಿಟ್ಟರೆ ಬೆಣ್ಣೆಯಂತೆ ಕುಸಿಯುತ್ತಿರುತ್ತದೆ.

ಆಡುಗೋಡಿಯ ಎನ್.ಕೆ.ಎಸ್. ಗೌಡ ಅವರು ಅಮೆರಿಕದ ಮಿಸೌರಿಯ ಸಂಶೋಧಕರೊಡನೆ 2008ರಲ್ಲಿ ಪ್ರಕಟಿಸಿದ ಕೆಲಸವನ್ನು ನಾನು ಅದಕ್ಕೇ ಎತ್ತಿ ಹೇಳುತ್ತೇನೆ. ಅವರು ಬರೀ ‘ಅರಿಶಿನ’ ಹಾಕಲಿಲ್ಲ, ಎಷ್ಟು ಕುರ್ಕುಮಿನ್ ಇದೆಯೆಂದು ಅಳೆದ ಅರಿಶಿನ ಹಾಕಿದರು. ಅದೂ ಆರೋಗ್ಯವಂತ ಮರಿಗಳಿಗಲ್ಲ, ಅಫ್ಲಾಟಾಕ್ಸಿನ್ ತಿಂದ ಬ್ರಾಯ್ಲರ್ ಮರಿಗಳಿಗೆ. ಅರಿಶಿನದಿಂದ ಯಕೃತ್ತಿನ ರಕ್ಷಣಾ ಶಕ್ತಿಯೂ ರಕ್ತದ ಕೆಲವು ಅಂಶಗಳೂ ಸುಧಾರಿಸಿದವು. ಮೂಲಿಕೆಯನ್ನು ಅಂಕಿ ಇಳಿಸುವುದಕ್ಕಲ್ಲ, ಯಕೃತ್ತನ್ನು ಕಾಯುವುದಕ್ಕೆ ಬಳಸುವ ದಾರಿ ಇದು. ವಿಷ ತಿಂದ ಕೋಳಿಯಲ್ಲಿ ಒಳ್ಳೆಯ ಮೂಲಿಕೆ ರಕ್ತದ ಕೊಲೆಸ್ಟೆರಾಲನ್ನು ಮೇಲಕ್ಕೆ ತರಬೇಕು. ಪೊಟ್ಟಣದ ಮೇಲೆ ಹಾಗೆಂದು ಅಚ್ಚು ಹಾಕಿಸುವ ಧೈರ್ಯ ಯಾವ ಕಂಪನಿಗಿದೆ?

2006ರ ಜನವರಿಯಿಂದ ಯುರೋಪು ಬೆಳವಣಿಗೆಗೆಂದು ಆಂಟಿಬಯಾಟಿಕ್ ಕೊಡುವುದನ್ನು ನಿಷೇಧಿಸಿದ ಮೇಲೆ, 2019ರಲ್ಲಿ ನಮ್ಮಲ್ಲಿ ಆಂಟಿಬಯಾಟಿಕ್ ಔಷಧಿ ಕೊಲಿಸ್ಟಿನ್‌ಗೆ ತಡೆ ಬಿದ್ದ ಮೇಲೆ, ಮೂಲಿಕೆಗೆ ಬೇಡಿಕೆ ಏರಿತು. ಪ್ರಬಂಧಗಳೂ ಹೆಚ್ಚಿದವು. ಹೆಚ್ಚಿನವಕ್ಕೆ ಒಂದೇ ಅಚ್ಚು: ಶೇ. ಅರ್ಧ, ಒಂದು, ಒಂದೂವರೆ, 42 ದಿನ, ಕೊಲೆಸ್ಟೆರಾಲ್ ಇಳಿಯಿತು. ಮೂಲಿಕೆ ಎಲ್ಲಿಯದು ಎಂದು ಕೇಳಿದರೆ ಗ್ರಂಥಿಗೆ ಅಂಗಡಿಯದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ದಕ್ಷಿಣ ಭಾರತದ ಅಂಗಡಿಗಳಿಂದ ನೆಲನೆಲ್ಲಿಯ ಮಾದರಿ ತಂದು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಸುಮಾರು ಕಾಲು ಭಾಗದ ಮಾದರಿಗಳಲ್ಲಿ ಇದ್ದದ್ದು ನೆಲನೆಲ್ಲಿಯ ಬೇರೆ ದಾಯಾದಿ ಗಿಡಗಳು. ಗಿಡವೇ ಯಾವುದೆಂದು ಗೊತ್ತಿಲ್ಲದೆ ಅದರ ಪ್ರಮಾಣವನ್ನು ದಶಾಂಶದಲ್ಲಿ ಬರೆದರೆ ಏನು ಬಂತು? ಸಿದ್ದರಬೆಟ್ಟ, ದೇವರಾಯನದುರ್ಗದಂಥ ಮೂಲಿಕೆಯ ಬೆಟ್ಟಗಳನ್ನು ಕಣ್ಣೆದುರಿಗೆ ಇಟ್ಟುಕೊಂಡ ನಾವು ಗಿಡ ಗುರುತಿಸಬಲ್ಲವರನ್ನು ಜೊತೆಗೆ ಕರೆದುಕೊಳ್ಳದಿರುವುದು ದೊಡ್ಡ ಲೋಪ.

ರೈತನಿಗೆ ದುಡ್ಡಾಗುವ ಕೊಬ್ಬು ಇನ್ನೊಂದಿದೆ. ತುಮಕೂರಿನ ಯಾವ ಚಿಕನ್ ಅಂಗಡಿಯಲ್ಲಾದರೂ ನಿಂತು ನೋಡಿ. ಚರ್ಮ ಸುಲಿದ ಮೇಲೆ ಹೊಟ್ಟೆಯ ಬುಡದಿಂದ ಮುಷ್ಟಿಯಷ್ಟು ಹಳದಿ ಕೊಬ್ಬನ್ನು ಕಿತ್ತು ಡಬ್ಬಕ್ಕೆ ಎಸೆಯುತ್ತಾರೆ. ಆ ಕೊಬ್ಬಾಗಿದ್ದು ಮೆಕ್ಕೆಜೋಳ, ದುಡ್ಡು ಕೊಟ್ಟು ತಂದದ್ದು. ಮೂಲಿಕೆ ಇದನ್ನು ಇಳಿಸಿದರೆ, ಅದೇ ಫೀಡಿಗೆ ಮಾಂಸ ಹೆಚ್ಚು ಬಂದರೆ, ರೈತ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಅದನ್ನು ತೂಗುವುದಕ್ಕೆ ಲ್ಯಾಬೂ ಬೇಡ.

ಗುಬ್ಬಿಯ ರೈತರಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಜೋಳದ ತೇವ ನೋಡಿ, ಬೂಷ್ಟು ಹಿಡಿದ ಹಿಂಡಿ ಬೇಡ. ಸತ್ತ ಕೋಳಿಯ ಹೊಟ್ಟೆ ಕೊಯ್ಸಿ ಲಿವರ್ ನೋಡಿ. ಪುಡಿಯನ್ನು ಅರ್ಧ ಶೆಡ್ಡಿಗೆ ಮಾತ್ರ ಹಾಕಿ, ಎರಡರ ತೂಕವನ್ನೂ ಫೀಡನ್ನೂ ಬೇರೆಬೇರೆ ಬರೆದಿಡಿ.

ಹೆಬ್ಬಾಳದ, ಆಡುಗೋಡಿಯ ಕಿರಿಯ ಸಂಶೋಧಕರಿಗೂ ಒಂದು ಮಾತು. ನಿಮ್ಮ ಮುಂದಿನ ಪ್ರಯೋಗವನ್ನು ಕಾಲೇಜಿನ ಶೆಡ್ಡಿನಲ್ಲಿ ಮುಗಿಸಬೇಡಿ. ಕುಣಿಗಲ್, ಗುಬ್ಬಿ ನಿಮಗೆ ಎರಡು ಗಂಟೆಯ ದಾರಿ. ಶೀಟಿನ ಕೆಳಗೆ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುವ ಏಪ್ರಿಲ್ ಬ್ಯಾಚಿಗೇ ಬನ್ನಿ. ಬರುವಾಗ ತಕ್ಕಡಿ ತನ್ನಿ, ಫೀಡಿನ ಅಫ್ಲಾಟಾಕ್ಸಿನ್ ಅಳೆದ ಚೀಟಿ ತನ್ನಿ, ರಕ್ತದ ಜೊತೆಗೆ ಯಕೃತ್ತನ್ನೂ ಹೊಟ್ಟೆಯ ಕೊಬ್ಬನ್ನೂ ತೂಗಿ ಬರೆಯಿರಿ. ಶೆಡ್ಡು ಕೊಡುವ ರೈತರು ಇಲ್ಲಿದ್ದಾರೆ, ಅವರ ಮನೆ ಬಾಗಿಲಿಗೆ ನಿಮ್ಮನ್ನು ನಾನೇ ಕರೆದೊಯ್ಯುತ್ತೇನೆ.